ದಿನಾಂಕ, ತಾರೀಕು, ವಾರ: ಬ್ಯಾಚ್ ಫೈಲಿನ ಟಿಪ್ಪಣಿಗೆ ಯಾವ ಪದ?

ಪುಣೆಯ ಭೋಸರಿಯಲ್ಲಿ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ರಾತ್ರಿ ಬ್ಯಾಕಪ್ ತೆಗೆಯೋಕೆ ಇಲ್ಲಿ ಇನ್ನೂ ವಿಂಡೋಸಿನ ಹಳೆಯ ಬ್ಯಾಚ್ ಫೈಲುಗಳೇ (ಕಂಪ್ಯೂಟರಿಗೆ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲುಗಳು) ಗತಿ. ಈಗ ಅವನ್ನು ವಿಜಯಪುರದ ಹುಡುಗನೊಬ್ಬನಿಗೆ ವಹಿಸಿಕೊಡಬೇಕು. ಅವನಿಗೆಂದು ಕನ್ನಡದಲ್ಲೇ ಟಿಪ್ಪಣಿ ಬರೆದೆ. ಪೇಚಾಟ ಅಲ್ಲಿಂದ ಶುರು.

‘ದಿನಾಂಕ 8, 9 ಆದರೆ ಫೈಲ್ ನಿಲ್ಲುತ್ತದೆ’ ಅಂತ ಬರೆದಿದ್ದೆ. ‘ಯಾವ ತಿಂಗಳದ್ದು ಸರ್?’ ಅಂದ. ಎಲ್ಲ ತಿಂಗಳದ್ದೂ ತಮ್ಮಾ!

ಕಾರಣ ಇಷ್ಟೇ. ನಮ್ಮ ಕಂಪ್ಯೂಟರ್ ಎಂಟನ್ನು 08 ಅಂತ ಕೊಡುತ್ತದೆ. ಬ್ಯಾಚ್ ಫೈಲಿನಲ್ಲಿ ‘ಸೆಟ್’ ಅನ್ನೋ ಆದೇಶಕ್ಕೆ ಲೆಕ್ಕ ಮಾಡು ಅಂದರೆ, ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಅದು ಆಕ್ಟಲ್, ಅಂದರೆ ಎಂಟರ ಮೇಲೆ ಎಣಿಸುವ ಸಂಖ್ಯೆ, ಅಂದುಕೊಳ್ಳುತ್ತದೆ. ಆಕ್ಟಲ್‌ನಲ್ಲಿ 7ರ ಮುಂದೆ ಅಂಕಿಯೇ ಇಲ್ಲ. 07ರವರೆಗೆ ಸಲೀಸು. 08, 09 ಬಂದರೆ ತಪ್ಪು ಸಂಖ್ಯೆ ಅಂತ ತಕರಾರು. 10ಕ್ಕೆ ಮತ್ತೆ ಸುಮ್ಮನಾಗುತ್ತದೆ. ತಿಂಗಳನ್ನೂ ಹಾಗೇ ಲೆಕ್ಕಕ್ಕೆ ಕೊಟ್ಟರೆ ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಗೋಳು. ಮುಂದೆ 1 ಅಂಟಿಸಿ ಆಮೇಲೆ 100 ಕಳೆಯುವುದು ಹಳೆಯ ಉಪಾಯ. 108ರಲ್ಲಿ 100 ಹೋದರೆ 8.

ಈಗ ಪದಕ್ಕೆ ಬರುತ್ತೇನೆ. ‘ಇವತ್ತು ತಾರೀಕು ಎಷ್ಟು?’ ಅಂದರೆ ‘ಎಂಟು’ ಅಂತೇವೆ, ಅಲ್ವಾ? ತಿಂಗಳು, ಇಸವಿ ಸೇರಿಸಲ್ಲ. ದಿನಾಂಕ ಅಂದರೆ ಮಾತ್ರ ಅರ್ಜಿಯ ಮೇಲೆ ಬರೆಯುವ 08-09-2024, ಇಡಿಯಾಗಿ. ಹಾಗಾದರೆ ಇಡೀ ‘ಡೇಟ್’ಗೆ ದಿನಾಂಕ, ಅದರೊಳಗಿನ ‘ಡೇ’ಗೆ ತಾರೀಕು ಅಂತ ಹಂಚಿದರೆ ಹೇಗೆ? ‘ದಿನ’ ಬೇಡ ಅನಿಸಿತು. ‘ದಿನ 8’ ಅಂದರೆ ಎಂಟನೇ ದಿನವೋ, ಎಂಟು ದಿನವೋ? ತಿಥಿಯಂತೂ ಆಗದು. ಇಲ್ಲಿ ಶಿವಜಯಂತಿ (ಶಿವಾಜಿ ಮಹಾರಾಜರದ್ದು) ತಾರೀಕಿನ ಪ್ರಕಾರ ಫೆಬ್ರವರಿ 19ಕ್ಕೆ ಒಮ್ಮೆ, ತಿಥಿಯ ಪ್ರಕಾರ ಫಾಲ್ಗುಣದಲ್ಲಿ ಇನ್ನೊಮ್ಮೆ. ನಮ್ಮ ಕಡೆ ‘ಫೈಲಿನ ತಿಥಿ’ ಅಂದರೆ ಊಟಕ್ಕೆ ಯಾವಾಗ ಬರಲಿ ಅಂತ ಕೇಳಿಯಾರು.

ಇದಕ್ಕಿಂತ ಜಾಸ್ತಿ ಕಾಡಿದ್ದು ವಾರ. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ‘ಡೇಟ್’ ವೇರಿಯಬಲ್ (ಇವತ್ತಿನ ದಿನಾಂಕ ಕೊಡುವ ಹೆಸರು) ಕೇಳಿದರೆ ಅಂಕಿಗಳ ಮುಂದೆ ‘ಸನ್’, ‘ಮನ್’ ಅಂತ ವಾರವೂ ಬರುತ್ತದೆ, ತಿಂಗಳು ತಾರೀಕಿಗಿಂತ ಮೊದಲು. ನಮ್ಮ ಫೈಲು ಎಡದಿಂದ ಎರಡು ಅಕ್ಷರ ತೆಗೆದು ಅದೇ ತಾರೀಕು ಅಂದುಕೊಳ್ಳುತ್ತದೆ. ಅಲ್ಲಿ ಅದಕ್ಕೆ ಸಿಗುವುದು ‘ಎಸ್‌ಯು’. ಅದಕ್ಕೇ ‘ಮೊದಲು ವಾರ ತೆಗೆದುಹಾಕು’ ಅಂತ ಬರೆದೆ. ಹುಡುಗ ಬಂದು ಮೆಲ್ಲಗೆ ಕೇಳಿದ: ‘ಒಂದು ವಾರದ ಬ್ಯಾಕಪ್ ಎಲ್ಲಾ ಅಳಿಸಬೇಕಾ ಸರ್?’ ಪುಣ್ಯಕ್ಕೆ ಕೇಳಿದ.

ಮರಾಠಿಯವರಿಗೆ ಈ ತೊಂದರೆ ಇಲ್ಲ. ‘ವಾರ್’ ಅಂದರೆ ಸೋಮವಾರ, ಮಂಗಳವಾರ. ಏಳು ದಿನಕ್ಕೆ ‘ಆಠವಡಾ’. ನಮಗೆ ಎರಡಕ್ಕೂ ವಾರವೇ. ಸದ್ಯ ‘ವಾರದ ಹೆಸರು’ ಅಂತ ತಿದ್ದಿದ್ದೇನೆ. ಅರ್ಥವೇನೋ ಆಗುತ್ತದೆ, ಆದರೆ ಉದ್ದ. ನಿಮ್ಮ ಕಡೆಯ ಆಡುಮಾತಿನಲ್ಲಿ ಇವೆರಡಕ್ಕೆ ಬೇರೆ ಬೇರೆ ಪದ ಇದೆಯಾ? ಬೆಳಗಾವಿ, ಧಾರವಾಡ ಕಡೆಯವರು ಏನಂತೀರಿ?