‘ರಿಸೈಟಲ್’ ಎಂದರೆ ಕಚೇರಿಯೇ? ಟ್ರಂಪೆಟ್ ಎಂದರೆ ಕಹಳೆಯೇ?

ಎಲ್ಲರಿಗೂ ನಮಸ್ಕಾರ.

ನನ್ನ ತಂಗಿಯ ಮಗ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಟ್ರಂಪೆಟ್ ಕಲಿಯುತ್ತಿದ್ದಾನೆ. ಪದವಿಗಾಗಿ ಮುಂದಿನ ತಿಂಗಳು ಅವನು ಸಭಿಕರ ಮುಂದೆ ಮುಕ್ಕಾಲು ಗಂಟೆ ನುಡಿಸಬೇಕು. ಪಿಯಾನೋ ಮುಂದೆ ಕೂರುವವಳು ಅವನ ಸಹಪಾಠಿ. ಅಲ್ಲಿ ಇದಕ್ಕೆ ಸ್ಟೂಡೆಂಟ್ ರಿಸೈಟಲ್ ಎನ್ನುತ್ತಾರೆ. ಮೈಸೂರಿನಲ್ಲಿ ಕುಳಿತು ನೇರಪ್ರಸಾರ ನೋಡಲಿರುವ ನಮ್ಮ ತಾಯಿಗೂ ಬಂಧುಗಳಿಗೂ ಕನ್ನಡದಲ್ಲಿ ಒಂದು ಪುಟದ ಆಮಂತ್ರಣ ಬರೆದುಕೊಡು ಎಂದು ತಂಗಿ ಕೇಳಿದಳು. ಅರ್ಧ ಗಂಟೆಯ ಕೆಲಸ ಎಂದುಕೊಂಡೆ. ನಾಲ್ಕು ದಿನವಾಯಿತು, ಶೀರ್ಷಿಕೆಯನ್ನೇ ದಾಟಿಲ್ಲ.

ಮೊದಲು ಹೊಳೆದದ್ದು ‘ಕಚೇರಿ’. ಆದರೆ ಕಚೇರಿ ಎಂದೊಡನೆ ನಮ್ಮ ಮನೆಯವರ ಕಣ್ಣಿಗೆ ಕಟ್ಟುವುದು ಪಳಗಿದ ವಿದ್ವಾಂಸರು, ತನಿ ಆವರ್ತನ, ಕೊನೆಗೊಂದು ಮಂಗಳ. ಹುಡುಗ ಇನ್ನೂ ಕಲಿಯುತ್ತಿದ್ದಾನೆ, ಕಚೇರಿ ಎಂದು ಬರೆದರೆ ಅವನಿಗೇ ಮುಜುಗರ. ಗೆಳೆಯರೊಬ್ಬರು ‘ರಂಗಪ್ರವೇಶ’ ಎಂದರು. ಅದು ಭರತನಾಟ್ಯದವರ ಸ್ವತ್ತು, ಮೇಲಾಗಿ ಒಮ್ಮೆ ಮಾತ್ರ ಆಗುವಂಥದ್ದು. ಇವನಿಗೆ ಇದು ಎರಡನೆಯ ಸಲ. ‘ಗೋಷ್ಠಿ’ ಎಂದರೆ ಅಧ್ಯಕ್ಷರು, ಸ್ವಾಗತ ಭಾಷಣ, ಹಾರ ತುರಾಯಿ. ‘ವಿದ್ಯಾರ್ಥಿ ವಾದನ’ ಎಂದು ಬರೆದು ನಾನೇ ಹೊಡೆದುಹಾಕಿದೆ. ವೀಣಾವಾದನದಲ್ಲಿ ನುಡಿಸುವುದು ವೀಣೆಯನ್ನು. ಹಾಗಾದರೆ ಇಲ್ಲಿ ನುಡಿಸುವುದು ಯಾರನ್ನು?

ಇಂಗ್ಲಿಷಿನಲ್ಲೂ ‘ರಿಸೈಟಲ್’ ಪದದ ಈ ಅರ್ಥಕ್ಕೆ ಬಹಳ ವಯಸ್ಸಾಗಿಲ್ಲ. ಸಂಗೀತಕ್ಕೆ ಅದು ಅಂಟಿಕೊಂಡದ್ದು 1840ರ ಜೂನ್ 9ರಂದು, ಲಂಡನ್ನಿನ ಹ್ಯಾನೋವರ್ ಸ್ಕ್ವೇರ್ ಸಭಾಂಗಣದಲ್ಲಿ ಫ್ರಾಂಜ್ ಲಿಸ್ಟ್ ಪಿಯಾನೋ ನುಡಿಸಿದಾಗ. ಕಾವ್ಯವಾಚನಕ್ಕೆ ಹೇಳುವ ಮಾತನ್ನು ಜಾಹೀರಾತಿನಲ್ಲಿ ಕಂಡು, ಪಿಯಾನೋ ಮೇಲೆ ವಾಚನ ಮಾಡುವುದಾದರೂ ಹೇಗೆ ಎಂದು ಜನ ತಲೆ ಕೆರೆದುಕೊಂಡರಂತೆ. ನಮ್ಮವರಾಗಿದ್ದರೆ ಕೆರೆದುಕೊಳ್ಳುತ್ತಿರಲಿಲ್ಲ. ‘ನುಡಿಸು’ ಎಂಬ ಕ್ರಿಯಾಪದದಲ್ಲಿ ನುಡಿ ಇದ್ದೇ ಇದೆ. ಕನ್ನಡದಲ್ಲಿ ವಾದ್ಯವನ್ನು ಮಾತನಾಡಿಸುವುದೇ ಅದನ್ನು ನುಡಿಸುವುದು. ಹೀಗಿರುವಾಗ ‘ನುಡಿಸಾಣಿಕೆ’ ಎಂಬ ಪದ ಈ ಸಂದರ್ಭಕ್ಕೆ ಒಗ್ಗೀತೇ? ಅದು ಕೈಚಳಕವನ್ನು ಹೇಳುತ್ತದೆಯೇ ಹೊರತು ಕಾರ್ಯಕ್ರಮವನ್ನಲ್ಲ ಎಂಬ ಅಳುಕು ನನಗಿದೆ.

ಇಲ್ಲೇ ಎರಡನೆಯ ತೊಡಕು. ಪಿಯಾನೋ ನುಡಿಸುತ್ತಾಳೆ, ಸರಿ. ಟ್ರಂಪೆಟ್ ನುಡಿಸುತ್ತಾನೋ, ಊದುತ್ತಾನೋ? ಶಂಖ ಊದುತ್ತೇವೆ. ಮದುವೆ ಛತ್ರದಲ್ಲಿ ಓಲಗದವರು ಊದುತ್ತಾರೆ. ಆದರೆ ಬಿಸ್ಮಿಲ್ಲಾ ಖಾನರು ಶಹನಾಯಿ ನುಡಿಸಿದರು ಎಂದೇ ಬರೆಯುತ್ತೇವೆ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನ್ ಊದಿದರು ಎಂದರೆ ಕಿವಿಗೆ ಒರಟು. ಎಲ್ಲರೂ ಹಾಕುವುದು ಅದೇ ಉಸಿರು. ವೇದಿಕೆ ಏರಿ ಶಾಲು ಹೊದಿಸಿಕೊಂಡವರು ನುಡಿಸುವವರು, ಬಾಗಿಲ ಬಳಿ ನಿಂತವರು ಊದುವವರು ಎಂಬ ಭೇದ ನಮ್ಮ ಕ್ರಿಯಾಪದದಲ್ಲಿ ಸೇರಿಕೊಂಡಿದೆ ಎಂದು ನನ್ನ ಗುಮಾನಿ. ಕೊಳಲು ಮಾತ್ರ ಎರಡೂ ಕಡೆ ಸಲ್ಲುತ್ತದೆ, ಕೃಷ್ಣನ ಪುಣ್ಯ.

ಇನ್ನು ವಾದ್ಯದ ಹೆಸರು. ನಿಘಂಟುಗಳಲ್ಲಿ ಸಿಗುವುದು ತುತ್ತೂರಿ, ಕಹಳೆ. ತುತ್ತೂರಿ ಎಂದರೆ ಜಾತ್ರೆಯಲ್ಲಿ ಕೊಂಡ ತಗಡಿನ ಆಟಿಕೆ. ಪತ್ರಿಕೆಗಳಲ್ಲಾದರೆ ಯಾವುದೋ ಪಕ್ಷದ ಬಾಲಬಡುಕ. ಕಹಳೆಗೆ ಗಾಂಭೀರ್ಯವಿದೆ, ಸಂಸ್ಕೃತದ ಕಾಹಲದಿಂದ ಬಂದ ಹಳೆಯ ಮಾತು. ಆದರೆ ಈ ಕಾರ್ಯಕ್ರಮದಲ್ಲಿ ಅದನ್ನು ಬಳಸಿದರೆ ಅಪಚಾರವಾಗುತ್ತದೆ. ಹುಡುಗ ಮೊದಲು ನುಡಿಸುವುದು ಜೋಸೆಫ್ ಹೈಡನ್ 1796ರಲ್ಲಿ ರಚಿಸಿದ ಟ್ರಂಪೆಟ್ ಕನ್ಚರ್ಟೋ, ಅಂದರೆ ವಾದ್ಯವೃಂದದ ಜೊತೆ ಒಂದು ವಾದ್ಯ ಮುಂದೆ ನಿಂತು ನುಡಿಯುವ ಕೃತಿ. ಅಲ್ಲಿಯವರೆಗಿನ ಟ್ರಂಪೆಟ್ ಬರಿಯ ಕೊಳವೆ, ಥೇಟು ನಮ್ಮ ಕಹಳೆ: ತಗ್ಗಿನ ಸ್ಥಾಯಿಯಲ್ಲಿ ಬಿಡಿ ಬಿಡಿ ಸ್ವರಗಳಷ್ಟೇ, ಪಕ್ಕಪಕ್ಕದ ಸ್ವರಗಳು ಇಲ್ಲ. ಸೈನ್ಯಕ್ಕೆ, ಮೆರವಣಿಗೆಗೆ ಅಷ್ಟು ಸಾಕಾಗಿತ್ತು. ವಿಯೆನ್ನಾದ ಆಂಟನ್ ವೈಡಿಂಗರ್ ಕೊಳವೆಯಲ್ಲಿ ರಂಧ್ರ ಕೊರೆದು ಮುಚ್ಚಳದ ಕೀಲಿಗಳನ್ನು ಕೂರಿಸಿದ ವಾದ್ಯವನ್ನು ಹಿಡಿದ. ಅವನಿಗಾಗಿಯೇ ಹೈಡನ್ ಬರೆದ. ವೈಡಿಂಗರ್ ಅದನ್ನು ಸಭೆಯಲ್ಲಿ ನುಡಿಸಿದ್ದು 1800ರಲ್ಲಿ. ಅದರ ನಿಧಾನಗತಿಯ ನಡುಭಾಗದಲ್ಲಿ ಟ್ರಂಪೆಟ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಹಾಡುವುದನ್ನು ಕೇಳಬೇಕು. ತಾನಿನ್ನು ಕಹಳೆಯಲ್ಲ ಎಂದು ವಾದ್ಯವೇ ಸಾರಿದ ಕೃತಿಗೆ ‘ಕಹಳೆ’ ಎಂದು ತಲೆಬರಹ ಕೊಡಲು ಕೈ ಬರುತ್ತಿಲ್ಲ. ಸ್ಯಾಕ್ಸೋಫೋನನ್ನು ಹಾಗೆಯೇ ಉಳಿಸಿಕೊಂಡ ನಾವು ಟ್ರಂಪೆಟನ್ನೂ ಹಾಗೆಯೇ ಉಳಿಸಿಕೊಳ್ಳಬಹುದು ಎಂಬ ಕಡೆಗೆ ವಾಲುತ್ತಿದ್ದೇನೆ. ಒಪ್ಪದವರು ಇದ್ದರೆ ವಾದಿಸಿ.

ಪಿಯಾನೋಗೆ ‘ಪಕ್ಕವಾದ್ಯ’ ಎಂದರೆ ಸಾಕೇ? ಹೈಡನ್ ಕೃತಿಯಲ್ಲಿ ಅದು ಇಡೀ ವಾದ್ಯವೃಂದದ ಬದಲಿಗೆ ದುಡಿಯುತ್ತದೆ, ಹಾಗೆ ಕರೆದರೂ ನಡೆದೀತು. ಆದರೆ ಎರಡನೆಯದು ಪೌಲ್ ಹಿಂಡೆಮಿತ್ 1939ರಲ್ಲಿ ಬರೆದ ಸೊನಾಟಾ. ಅದರಲ್ಲಿ ಇಬ್ಬರದೂ ಸಮಪಾಲು. ಜುಗಲ್‌ಬಂದಿ ಎಂದರೆ ಸವಾಲು ಜವಾಬು ನಿರೀಕ್ಷಿಸುತ್ತಾರೆ. ‘ಸಹವಾದನ’ ಎಂದಿಟ್ಟಿದ್ದೇನೆ, ಕಾಗದದ ವಾಸನೆ ಹೊಡೆಯುತ್ತಿದೆ. ಈ ಸೊನಾಟಾದ ಕೊನೆಯ ಭಾಗದ ಹೆಸರು ‘ಶೋಕಸಂಗೀತ’ ಎಂಬ ಅರ್ಥದ ಜರ್ಮನ್ ಪದ. ಮೊಮ್ಮಗನ ಆಮಂತ್ರಣದಲ್ಲಿ ಅದನ್ನು ಕಂಡರೆ ನಮ್ಮ ತಾಯಿ ಕಂಪ್ಯೂಟರ್ ಮುಂದೆ ಕೂರುವುದೇ ಇಲ್ಲ. ಅದನ್ನು ‘ಮೂರನೆಯ ಭಾಗ’ ಎಂದಷ್ಟೇ ಬರೆದು ಜಾರಿಕೊಳ್ಳುತ್ತೇನೆ.

ನಡುವೆ ಆ ಹುಡುಗಿ ಒಬ್ಬಳೇ ನಿಕೊಲಾಯ್ ಮೆಟ್ನರನ ಒಂದು ಪುಟ್ಟ ರಚನೆ ನುಡಿಸುತ್ತಾಳೆ. ಇದು ನಮ್ಮ ತಾಯಿಗೆ ಖುಷಿ ಕೊಡುವ ವಿಷಯ: 1940ರ ದಶಕದ ಕೊನೆಯಲ್ಲಿ ಈ ರಷ್ಯನ್ ಸಂಗೀತಗಾರನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರು. ರಚನೆಯ ಹೆಸರು ‘ಸ್ಕಾಜ್ಕಾ’. ರಷ್ಯನ್ನಿನಲ್ಲಿ ‘ಹೇಳು’ ಎಂಬ ಕ್ರಿಯಾಪದಕ್ಕೆ ನಂಟಿರುವ ಪದ, ಕಥೆ ಎಂದರ್ಥ. ಇಂಗ್ಲಿಷಿನವರು ಅದನ್ನು ಯಕ್ಷಕಿನ್ನರರ ಕಥೆ ಮಾಡಿಬಿಟ್ಟಿದ್ದಾರೆ. ನಾನು ‘ಅಡುಗೂಲಜ್ಜಿ ಕಥೆ’ ಎಂದು ಬರೆದೆ. ತಂಗಿ ನಕ್ಕಳು, ಹುಡುಗನಿಗೆ ಮಾತ್ರ ಬಹಳ ಹಿಡಿಸಿತು.

ಸದ್ಯದ ಶೀರ್ಷಿಕೆ: ‘ಕಲಿಕೆಯ ನುಡಿಸಾಣಿಕೆ: ಟ್ರಂಪೆಟ್ ಮತ್ತು ಪಿಯಾನೋ’. ‘ಕಲಿಕೆಯ’ ಎಂಬುದು ವಾಹನದ ಹಿಂದೆ ತೂಗುಹಾಕುವ ಕೆಂಪಕ್ಷರದ ಫಲಕದಂತಿದೆ ಎಂದು ನನಗೇ ಅನಿಸುತ್ತಿದೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಮುಂದಿನ ಶುಕ್ರವಾರದೊಳಗೆ ತಿಳಿಸಿ. ಶನಿವಾರ ಅಚ್ಚಿಗೆ ಕೊಡಬೇಕು. ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ ಬ್ಯಾಂಡಿನವರು ತಮ್ಮ ತಮ್ಮೊಳಗೆ ಈ ವಾದ್ಯವನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಕಿವಿಯಾರೆ ಕೇಳಿದವರು ಇದ್ದರೆ ಅದನ್ನೂ ಬರೆಯಿರಿ.