ತಿರುಪು ಕೀಲಿಯ ಹಿತ್ತಾಳೆ ಬೀಗ ತೆರೆಯುವುದು ಹೇಗೆ?

ವಿರಾಜಪೇಟೆಯಿಂದ ಪ್ರಶ್ನೆ:
ನಮ್ಮ ಐನ್‌ಮನೆಯ ಅಟ್ಟದಲ್ಲಿ ಅಂಗೈಯಗಲದ ಹಿತ್ತಾಳೆ ಬೀಗ ಸಿಕ್ಕಿದೆ. ಕೀಲಿಕೈಗೆ ಹಲ್ಲುಗಳೇ ಇಲ್ಲ, ತುದಿಯಲ್ಲಿ ತಿರುಪಿನ ಎಳೆ ಇದೆ. ಅರ್ಧ ಸುತ್ತಿಗೇ ನಿಂತುಬಿಡುತ್ತದೆ. ಹುಣಸೆಹಣ್ಣಿನಿಂದ ತಿಕ್ಕು ಎನ್ನುತ್ತಾರೆ ಅತ್ತೆ. ತಿಕ್ಕಲೇ?

ಮಡಿಕೇರಿಯಿಂದ ಉತ್ತರ:
ಬೇಡವೇ ಬೇಡ ಅಕ್ಕ, ಹುಣಸೆಹಣ್ಣು ಸಾರಿಗಿರಲಿ! ಹುಳಿ ತಾಗಿದರೆ ಹಳೆಯ ಕಂದುಬಣ್ಣ ಹೋಗುತ್ತದೆ. ಸಂಗ್ರಹಕಾರರು ಮೊದಲು ನೋಡುವುದೇ ಅದನ್ನು. ಇದು ತಿರುಪು ಬೀಗ. ಕೀಲಿ ಒಳಗಿನ ಎಳೆಯನ್ನು ಕಚ್ಚಿಕೊಂಡು, ಸ್ಪ್ರಿಂಗಿಗೆ ಎದುರಾಗಿ ಅಗುಳಿಯನ್ನು ಹಿಂದಕ್ಕೆಳೆಯುತ್ತದೆ. ನಮ್ಮ ಮಳೆಗೆ ಹಿತ್ತಾಳೆ ಜಗ್ಗುವುದಿಲ್ಲ, ಆದರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಸುತ್ತಿಗೆ ಮುಟ್ಟಬೇಡಿ.

ವಿರಾಜಪೇಟೆ:
ಎಷ್ಟು ಹಳೆಯದಿರಬಹುದು ಅಣ್ಣ?

ಸೋಮವಾರಪೇಟೆಯಿಂದ ಉತ್ತರ:
ಆಕಾರ ನೋಡಿ ವಯಸ್ಸು ಹೇಳುವವರನ್ನು ನಾನು ನಂಬುವುದಿಲ್ಲ. ಹೆಸರು ಕೆತ್ತಿದ್ದರೆ ಸುಳಿವು ಸಿಗುತ್ತದೆ. ಉದಾಹರಣೆಗೆ, ಇಂಗ್ಲೆಂಡಿನ ಚಬ್ ಬೀಗಕ್ಕೆ ಪೇಟೆಂಟ್ ಸಿಕ್ಕಿದ್ದು 1818ರಲ್ಲಿ, ಆ ಹೆಸರಿದ್ದರೆ ಬೀಗ ಅದಕ್ಕಿಂತ ಹಳೆಯದಲ್ಲ. ಕಳ್ಳಕೀಲಿ ಹಾಕಿದರೆ ಚಬ್ ಬೀಗ ಒಳಗೇ ಸಿಕ್ಕಿಹಾಕಿಕೊಂಡು ಮಾಲೀಕನಿಗೆ ಸುದ್ದಿ ಕೊಡುತ್ತಿತ್ತು. ನಿಮ್ಮದರ ತಳದಲ್ಲಿ ಏನಾದರೂ ಅಕ್ಷರ ಇದೆಯೇ? ಫೋಟೋ ಹಾಕಿ.