ತಂದೆ ಹೆಸರಿನ ಮನೆ, ತಾಯಿ ಹೆಸರಿನ ಖಾತೆ: ಕ್ರಯಕ್ಕೆ ಯಾರ್ಯಾರು ಸಹಿ ಹಾಕಬೇಕು?

ತಪ್ಪಲಿನಮನೆ:

ಮೈಸೂರಿನಲ್ಲಿ 30×40 ಸೈಟಿನ ಹಳೇ ಮನೆಯೊಂದು ನೋಡಿದ್ದೇವೆ. ಮಾತುಕತೆ 81 ಲಕ್ಷಕ್ಕೆ ನಿಂತಿದೆ. ಯಜಮಾನರು 1991ರಲ್ಲಿ ಸ್ವಂತ ದುಡಿಮೆಯಲ್ಲಿ ಕೊಂಡಿದ್ದು, ನೋಂದಾಯಿತ ಕ್ರಯಪತ್ರ ಇದೆ. ಅವರು 2009ರಲ್ಲಿ ತೀರಿಕೊಂಡರು, ವಿಲ್ ಬರೆದಿಲ್ಲ. ಆಮೇಲೆ ಖಾತೆ ಹೆಂಡತಿಯ ಹೆಸರಿಗೆ ಆಗಿದೆ, ಇ-ಖಾತೆಯೂ ಬಂದಿದೆ.

ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ದೊಡ್ಡವರು ದುಬೈಯಲ್ಲಿದ್ದಾರೆ, ತಾಯಿಗೆ ಜಿಪಿಎ (ತಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಕಳಿಸುತ್ತಾರಂತೆ. ಎರಡನೆಯವರು 2015ರಲ್ಲಿ ತೀರಿಹೋದರು, ಅವರೂ ವಿಲ್ ಮಾಡಿಲ್ಲ. ಅವರ ಹೆಂಡತಿ, 14 ವರ್ಷದ ಮಗ ತವರಿನಲ್ಲಿದ್ದಾರೆ. ಮನೆಯವರು ತೋರಿಸಿದ ವಂಶವೃಕ್ಷದಲ್ಲಿ ಇವರೆಲ್ಲರ ಹೆಸರೂ ಇದೆ.

ಖಾತೆ ತಾಯಿ ಹೆಸರಲ್ಲಿದೆ, ಅವರೊಬ್ಬರ ಸಹಿ ಸಾಕು, ಉಳಿದವರದ್ದು ಸಾಕ್ಷಿ ಸಹಿ ಹಾಕಿಸೋಣ ಅನ್ನುತ್ತಾರೆ ಬ್ರೋಕರ್. ಹುಡುಗನ ಪರವಾಗಿ ಅವನ ತಾಯಿ ಸಹಿ ಹಾಕಿದರೆ ಆಯಿತಂತೆ. ಸದ್ಯಕ್ಕೆ 10 ಲಕ್ಷ ಮುಂಗಡ ಕೊಟ್ಟು ಛಾಪಾ ಕಾಗದದ ಮೇಲೆ ಕರಾರು ಮಾಡಿಕೊಳ್ಳಿ ಎಂದಿದ್ದಾರೆ. ಇದರಲ್ಲಿ ಯಾವುದು ಸರಿ, ಯಾವುದು ತಪ್ಪು? ನೋಂದಣಿ ಖರ್ಚು ಎಷ್ಟು ಬರಬಹುದು?

ಚಕ್ಕುಬಂದಿ:

ಮೊದಲು ಖಾತೆ ವಿಷಯ. ಖಾತೆ ಅಂದರೆ ಆಸ್ತಿ ತೆರಿಗೆ ಯಾರಿಂದ ವಸೂಲಿ ಮಾಡಬೇಕು ಅನ್ನೋ ಪಾಲಿಕೆಯ ದಾಖಲೆ. ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ, ಇದ್ದವರ ಹಕ್ಕು ಹೋಗುವುದೂ ಇಲ್ಲ. ಇ-ಖಾತೆ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ, ನಿಜ. ಆದರೆ ತಾಯಿಯೊಬ್ಬರೇ ಬರೆದುಕೊಟ್ಟರೆ ನಿಮಗೆ ಬರುವುದು ಅವರ ಪಾಲು ಅಷ್ಟೇ, ಇಡೀ ಮನೆ ಅಲ್ಲ. ಸಾಕ್ಷಿ ಸಹಿಯೂ ಮಾರಿದಂತೆ ಅಲ್ಲ. ಹಕ್ಕಿರುವ ಪ್ರತಿಯೊಬ್ಬರ ಹೆಸರೂ ಕ್ರಯಪತ್ರದಲ್ಲಿ ‘ಮಾರುವವರು’ ಅಂತಲೇ ಬರಬೇಕು.

ಹಿಂದೂ ಕುಟುಂಬ ಅಂದುಕೊಂಡು ಹೇಳುತ್ತಿದ್ದೇನೆ. ಗಂಡಸು ವಿಲ್ ಇಲ್ಲದೆ ತೀರಿಕೊಂಡರೆ ಅವರ ಸ್ವಯಾರ್ಜಿತ ಆಸ್ತಿ 1956ರ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತೀರಿಕೊಂಡವರ ತಾಯಿ, ಇಷ್ಟು ಜನಕ್ಕೂ ಸಮಪಾಲು. ಈ ಪಟ್ಟಿಯಲ್ಲಿ ‘ತಾಯಿ’ಯನ್ನು ಎಷ್ಟೋ ಜನ ಮರೆತೇಬಿಡುತ್ತಾರೆ. ವಂಶವೃಕ್ಷ ಸತ್ತವರಿಂದ ಕೆಳಕ್ಕೆ ಇಳಿಯುತ್ತದೆ, ತಾಯಿ ಇರುವುದು ಮೇಲೆ. ಹಾಗಾಗಿ ಕಾಗದದಲ್ಲಿ ಕಣ್ಣಿಗೇ ಬೀಳುವುದಿಲ್ಲ. 2009ರಲ್ಲಿ ಯಜಮಾನರು ತೀರಿಕೊಂಡಾಗ ಅವರ ತಾಯಿ ಇದ್ದರಾ? ಇದನ್ನು ಕೇಳಿ ಬನ್ನಿ, ಪಾಲಿನ ಲೆಕ್ಕ ಆಮೇಲೆ ಮಾಡೋಣ.

ತಪ್ಪಲಿನಮನೆ:

ವಿಚಾರಿಸಿದೆ. ಇದ್ದರು. 2013ರಲ್ಲಿ ತೀರಿಕೊಂಡರು, ವಿಲ್ ಇಲ್ಲ. ಅವರ ಗಂಡ ಮೊದಲೇ ಹೋಗಿದ್ದರು. ಯಜಮಾನರಿಗೆ ಒಬ್ಬ ತಮ್ಮ, ಒಬ್ಬ ತಂಗಿ, ಇಬ್ಬರೂ ಇದ್ದಾರೆ. ‘ಅವರಿಗೂ ಈ ಮನೆಗೂ ಏನು ಸಂಬಂಧ’ ಅಂತ ಮಾರುವವರು ಆಶ್ಚರ್ಯಪಟ್ಟರು.

ಚಕ್ಕುಬಂದಿ:

ಸಂಬಂಧ ಇದೆ. 2009ರಲ್ಲಿ ಐದು ಜನ ವಾರಸುದಾರರು: ಹೆಂಡತಿ, ಅಜ್ಜಿ, ಇಬ್ಬರು ಗಂಡುಮಕ್ಕಳು, ಮಗಳು. ತಲಾ ಐದನೇ ಒಂದು ಪಾಲು.

ಅಜ್ಜಿಗೆ ಬಂದ ಪಾಲು ಅವರ ಸ್ವಂತದ್ದು. ಅವರು ತೀರಿಕೊಂಡಾಗ ಅದು ಸೊಸೆಗೆ ಹೋಗುವುದಿಲ್ಲ. 15ನೇ ಕಲಂ ಪ್ರಕಾರ ಅವರ ಮಕ್ಕಳಿಗೆ, ಮೊದಲೇ ತೀರಿಹೋದ ಮಗನ ಮಕ್ಕಳಿಗೆ ಹೋಗುತ್ತದೆ. ಅಂದರೆ ಮೂರು ಭಾಗ: ಚಿಕ್ಕಪ್ಪನಿಗೊಂದು, ಸೋದರತ್ತೆಗೊಂದು, ಯಜಮಾನರ ಮೂವರು ಮಕ್ಕಳಿಗೆ ಸೇರಿ ಒಂದು.

2015ರಲ್ಲಿ ಎರಡನೇ ಮಗ ಹೋದಾಗ ಅವರ ಪಾಲು ಮೂರಾಯಿತು: ಹೆಂಡತಿ, ಮಗ, ಮತ್ತೆ ಅವರ ತಾಯಿ. ಇಲ್ಲೂ ತಾಯಿ ಇದ್ದಾರೆ ನೋಡಿ.

ಮನೆಯನ್ನು 135 ಭಾಗ ಅಂದುಕೊಂಡರೆ ಈಗ ತಾಯಿಯದ್ದು 37, ದೊಡ್ಡ ಮಗನದ್ದು 30, ಮಗಳದ್ದು 30, ತೀರಿಹೋದ ಮಗನ ಹೆಂಡತಿಗೆ 10, ಹುಡುಗನಿಗೆ 10, ಚಿಕ್ಕಪ್ಪನಿಗೆ 9, ಸೋದರತ್ತೆಗೆ 9. ನಿಮ್ಮ 81 ಲಕ್ಷದಲ್ಲಿ ಒಂದು ಭಾಗಕ್ಕೆ 60,000 ರೂಪಾಯಿ. ಚಿಕ್ಕಪ್ಪ, ಸೋದರತ್ತೆ ಇಬ್ಬರಿಗೂ ತಲಾ 5.40 ಲಕ್ಷ ಬರಬೇಕು, ಹುಡುಗನಿಗೆ 6 ಲಕ್ಷ.

ಅವರಿಬ್ಬರಿಗೆ ಹಣ ಬೇಡವಾದರೆ ಕ್ರಯಕ್ಕೆ ಮೊದಲೇ ಉಳಿದ ವಾರಸುದಾರರಿಗೆ ಹಕ್ಕು ಖುಲಾಸೆ ಪತ್ರ ಬರೆದು ನೋಂದಾಯಿಸಬಹುದು. ಇಲ್ಲವೇ ಕ್ರಯಪತ್ರಕ್ಕೆ ನೇರವಾಗಿ ಮಾರುವವರಾಗಿ ಬರಲಿ. ನನ್ನ ಮತ ಕೇಳಿದರೆ ಎರಡನೆಯದು: ಪತ್ರ ಒಂದೇ, ಹಣ ಅವರವರ ಖಾತೆಗೆ ಹೋಗಿದ್ದಕ್ಕೆ ಪುರಾವೆಯೂ ಅದರಲ್ಲೇ ಇರುತ್ತದೆ.

ವಂಶವೃಕ್ಷ ಇನ್ನೊಂದು ಮಾಡಿಸಿ, ಅಜ್ಜಿಯಿಂದ ಶುರುವಾಗುವಂಥದ್ದು. ನಾಡಕಚೇರಿಯಲ್ಲಿ ಅದನ್ನು ಕೊಡುವುದು ಅರ್ಜಿದಾರರ ಅಫಿಡವಿಟ್ ನೋಡಿಕೊಂಡು. ಹೆಸರು ಬಿಟ್ಟುಹೋದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಅದರ ಜೊತೆ ಮೂವರ ಮರಣ ಪ್ರಮಾಣಪತ್ರವನ್ನೂ ಇಟ್ಟುಕೊಳ್ಳಿ. ಇಲ್ಲಿ ತಾರೀಖುಗಳೇ ಮುಖ್ಯ. ಅಜ್ಜಿ 2008ರಲ್ಲೇ ಹೋಗಿದ್ದರೆ ಈ ಲೆಕ್ಕವೇ ಬೇರೆ ಆಗುತ್ತಿತ್ತು.

ಇ-ಖಾತೆಗೂ ಎಲ್ಲ ವಾರಸುದಾರರ ಹೆಸರು ಸೇರಿಸಿಕೊಂಡು ಬರಲು ಮಾರುವವರಿಗೇ ಹೇಳಿ. ಕ್ರಯಪತ್ರದಲ್ಲಿ ಏಳು ಜನ, ಖಾತೆಯಲ್ಲಿ ಒಬ್ಬರು ಅಂದರೆ ನೋಂದಣಿ ದಿನ ತಡೆ ಬೀಳುತ್ತದೆ.

ದಸ್ತಾವೇಜು:

ಹುಡುಗನ ಪಾಲಿನ ಬಗ್ಗೆ ಯಾರು ಏನೇ ಹೇಳಲಿ, ಒಪ್ಪಬೇಡಿ. ತಾಯಿ ಸಹಜ ಪಾಲಕಿ ನಿಜ. ಆದರೆ 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ 8ನೇ ಕಲಂ ಪ್ರಕಾರ ಅಪ್ರಾಪ್ತರ ಸ್ವಂತ ಸ್ಥಿರಾಸ್ತಿಯನ್ನು ಮಾರಲು ಪಾಲಕರಿಗೂ ನ್ಯಾಯಾಲಯದ ಪೂರ್ವಾನುಮತಿ ಬೇಕು. ಖುಲಾಸೆ ಪತ್ರದ ಹೆಸರಲ್ಲಿ ಮಾಡಿದರೂ ಇದೇ ಮಾತು. ಅನುಮತಿ ಇಲ್ಲದೆ ಮಾಡಿದ ಕ್ರಯವನ್ನು ಹುಡುಗ ದೊಡ್ಡವನಾದ ಮೇಲೆ ರದ್ದು ಮಾಡಿಸಬಹುದು. 18 ತುಂಬಿದ ಮೇಲೆ ಮೂರು ವರ್ಷ ಕಾಲಾವಕಾಶ ಇರುತ್ತದೆ. ಈಗ ಅವನಿಗೆ 14 ಅಂದರೆ ಇನ್ನು ಏಳು ವರ್ಷ ನಿಮ್ಮ ಮನೆಯ ಮೇಲೆ ಆ ತೂಗುಕತ್ತಿ ಇರುತ್ತದೆ, ಅಷ್ಟರಲ್ಲಿ ನೀವು ಮಾರಲು ಹೋದರೆ ನಿಮ್ಮ ಖರೀದಿದಾರರ ವಕೀಲರೂ ಇದನ್ನೇ ಎತ್ತುತ್ತಾರೆ.

ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾದವರು ಹುಡುಗನ ತಾಯಿ. ಮಾರುವುದು ಅವಶ್ಯ ಅಥವಾ ಹುಡುಗನಿಗೆ ಸ್ಪಷ್ಟವಾಗಿ ಲಾಭ ಅಂತ ತೋರಿಸಬೇಕು. ಒಟ್ಟು ಬೆಲೆ, ಮಾರ್ಗಸೂಚಿ ದರ (ಸರ್ಕಾರ ಆ ಜಾಗಕ್ಕೆ ಗೊತ್ತುಮಾಡಿದ ದರ), ಹುಡುಗನ ಪಾಲಿನ ಮೊತ್ತ, ಹಣ ಎಲ್ಲಿಡುತ್ತಾರೆ ಅನ್ನೋದು ಅರ್ಜಿಯಲ್ಲಿ ಬರಲಿ. ಹುಡುಗನ ಹೆಸರಲ್ಲಿ ಠೇವಣಿ ಇಡಲು ಸಾಮಾನ್ಯವಾಗಿ ಆದೇಶ ಆಗುತ್ತದೆ. ಆದೇಶದಲ್ಲಿ ಹಾಕಿದ ಷರತ್ತುಗಳನ್ನು ಕ್ರಯಪತ್ರದಲ್ಲಿ ಯಥಾವತ್ ಬರೆಸಿ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಕರಾರಿನ ಅವಧಿಯನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

‘ಹುಡುಗನ ಪಾಲು ಬಿಟ್ಟು ಉಳಿದದ್ದು ಕೊಂಡುಬಿಡಿ, ಅವನದ್ದು ಆಮೇಲೆ’ ಅಂತ ಯಾರಾದರೂ ಸಲಹೆ ಕೊಟ್ಟರೆ ಬೇಡ ಅನ್ನಿ. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವರಿಗೆ ಜಂಟಿ ಸ್ವಾಧೀನದ ಹಕ್ಕಿಲ್ಲ, ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಂ ಇದನ್ನೇ ಹೇಳುತ್ತದೆ. ವಿಭಾಗಕ್ಕೆ ದಾವಾ ಹಾಕಬೇಕಾಗುತ್ತದೆ, ಆಗ ಕುಟುಂಬದವರು ನಿಮ್ಮ ಪಾಲನ್ನೇ ಕೊಳ್ಳಲು ಕೇಳಬಹುದು.

ಮುಂಗಡದ ವಿಷಯಕ್ಕೆ ಬಂದರೆ, ನೋಂದಣಿ ಆಗದ ಕಾಗದ ನಂಬಿ 10 ಲಕ್ಷ ಕೊಡಬೇಡಿ. ಕ್ರಯದ ಕರಾರು ಮಾಲೀಕತ್ವ ಕೊಡುವುದಿಲ್ಲ. ಆದರೆ ನೋಂದಾಯಿಸಿದರೆ ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಕಾಣುತ್ತದೆ, ಅದೇ ಮನೆಯನ್ನು ಇನ್ನೊಬ್ಬರು ಕೊಂಡರೆ ತಮಗೆ ಗೊತ್ತಿರಲಿಲ್ಲ ಎನ್ನಲು ಆಗುವುದಿಲ್ಲ. ಕರಾರಿನಲ್ಲಿ ಪ್ರಾಪ್ತರಾದ ಆರೂ ಜನ ಸಹಿ ಹಾಕಬೇಕು. ‘ಹುಡುಗನ ಪಾಲಿಗೆ ನ್ಯಾಯಾಲಯದ ಅನುಮತಿ ಸಿಕ್ಕ ಮೇಲೆಯೇ ಕ್ರಯ, ಇಂತಿಷ್ಟು ತಿಂಗಳಲ್ಲಿ ಸಿಗದಿದ್ದರೆ ಮುಂಗಡ ಪೂರ್ತಿ ವಾಪಸ್’ ಅಂತ ಸ್ಪಷ್ಟವಾಗಿ ಬರೆಸಿ. ಸ್ವಾಧೀನ ಈಗಲೇ ತೆಗೆದುಕೊಳ್ಳಬೇಡಿ, ಸ್ವಾಧೀನ ಸಮೇತ ಕರಾರಾದರೆ ಮುದ್ರಾಂಕ ಶುಲ್ಕ ಕ್ರಯಪತ್ರದ ಮಟ್ಟಕ್ಕೆ ಬರುತ್ತದೆ. ಕರಾರಿಗೆ ಒಂದು ಕೊನೇ ದಿನಾಂಕ ಹಾಕಿ. ಅವರು ತಪ್ಪಿದರೆ ಆ ದಿನದಿಂದ ಮೂರು ವರ್ಷದೊಳಗೆ ದಾವಾ ಹಾಕಬೇಕು.

ದುಬೈ ಜಿಪಿಎ ನಡೆಯುತ್ತದೆ, ಸರಿಯಾಗಿ ಮಾಡಿಸಿದರೆ. ಭಾರತದ ಕಾನ್ಸುಲೇಟ್‌ನಲ್ಲಿ ಸಹಿ ಮಾಡಿ ದೃಢೀಕರಿಸಿಕೊಂಡ ಮೂಲ ಪ್ರತಿ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಹಾಕಿಸಬೇಕು. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿಕೊಳ್ಳಿ. ಆಸ್ತಿಯ ಚಕ್ಕುಬಂದಿ, ಮಾರುವ ಅಧಿಕಾರ, ನೋಂದಣಿಗೆ ಹಾಜರುಪಡಿಸುವ ಅಧಿಕಾರ ಮೂರೂ ಬಿಡಿಸಿ ಬರೆದಿರಬೇಕು. ಹಣ ಮಾತ್ರ ಅವರ ಎನ್‌ಆರ್‌ಒ ಖಾತೆಗೇ (ಅನಿವಾಸಿಗಳು ಭಾರತದಲ್ಲಿ ಇಟ್ಟುಕೊಳ್ಳುವ ಬ್ಯಾಂಕ್ ಖಾತೆ) ಹಾಕಿ.

ಲೆಕ್ಕದಪುಸ್ತಕ:

81 ಲಕ್ಷಕ್ಕೆ ಖರ್ಚು: ಮುದ್ರಾಂಕ ಶುಲ್ಕ 5% ಅಂದರೆ 4,05,000. ಅದರ ಮೇಲೆ 10% ಸೆಸ್ 40,500, ನಗರ ವ್ಯಾಪ್ತಿಯ 2% ಸರ್‌ಚಾರ್ಜ್ 8,100. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಹೋಗಿ 2% ಆಗಿದೆ, 1,62,000. ಒಟ್ಟು 6,15,600. ಮಾರ್ಗಸೂಚಿ ದರದ ಲೆಕ್ಕ 81 ಲಕ್ಷ ಮೀರಿದರೆ ಶುಲ್ಕ ಆ ಮೊತ್ತದ ಮೇಲೆ. ಬ್ಯಾಂಕ್ ಸಾಲ ಇದಕ್ಕೆ ಸಿಗುವುದಿಲ್ಲ ಅಂದುಕೊಂಡೇ ಕೈಯಲ್ಲಿ ಇಟ್ಟುಕೊಳ್ಳಿ.

ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮಾರುವವರ ತೆರಿಗೆ ಕಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ನಿಮ್ಮದು. ಬೆಲೆ 50 ಲಕ್ಷ ಮುಟ್ಟಿದರೆ ಪೂರ್ತಿ ಮೊತ್ತಕ್ಕೆ 1%. ‘ನನ್ನ ಪಾಲು 50 ಲಕ್ಷಕ್ಕಿಂತ ಕಡಿಮೆ, ನನಗೆ ಬೇಡ’ ಅನ್ನೋ ವಾದ 2024ರ ಅಕ್ಟೋಬರ್‌ನಿಂದ ನಡೆಯುವುದಿಲ್ಲ, ಎಲ್ಲರ ಪಾಲನ್ನೂ ಕೂಡಿಸಿಯೇ ನೋಡುತ್ತಾರೆ. ಮಾರುವವರ ಒಬ್ಬೊಬ್ಬರ ಪ್ಯಾನ್‌ಗೂ ಬೇರೆ ಬೇರೆ ಕಟ್ಟಬೇಕು, ಕಡಿತವಾದ ತಿಂಗಳು ಮುಗಿದ 30 ದಿನದೊಳಗೆ. ಮುಂಗಡ ಕೊಡುವಾಗಲೂ ಕಡಿಯಬೇಕು, ಇದನ್ನು ಮರೆತು ಬಡ್ಡಿ ಕಟ್ಟುವವರು ಬಹಳ.

ದುಬೈ ಮಗನ ಪಾಲಿಗೆ ಈ 1% ಅಲ್ಲ. ಅನಿವಾಸಿಗಳಿಗೆ 50 ಲಕ್ಷದ ಮಿತಿಯೂ ಇಲ್ಲ. ದೀರ್ಘಾವಧಿ ಲಾಭಕ್ಕೆ 12.5%, ಜೊತೆಗೆ 4% ಸೆಸ್, ಅಂದರೆ 13%. ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತಾರದಿದ್ದರೆ ರೂಢಿಯಲ್ಲಿ ಪೂರ್ತಿ ಪಾಲಿನ ಮೇಲೆ ಕಡಿಯುತ್ತಾರೆ: 18 ಲಕ್ಷಕ್ಕೆ 2.34 ಲಕ್ಷ. ಈಗಲೇ ಅವರಿಗೆ ತಿಳಿಸಿ. ನೋಂದಣಿ ದಿನ ಗೊತ್ತಾದರೆ ಜಗಳ ಆಗುತ್ತದೆ. ಜಿಪಿಎ ಇಟ್ಟುಕೊಂಡ ತಾಯಿ ಇಲ್ಲೇ ಇದ್ದಾರೆ ಅಂತ 1% ಕಡಿದು ಸುಮ್ಮನಾಗಬೇಡಿ, ಮಾಲೀಕರು ಯಾರು ಅನ್ನೋದೇ ಲೆಕ್ಕ.

ನಗದು ಬೇಡ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಅಥವಾ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ತಪ್ಪಲಿನಮನೆ:

ಎಲ್ಲರಿಗೂ ಧನ್ಯವಾದ. ಒಂದು ಉಳಿದಿದೆ. ಚಿಕ್ಕಪ್ಪ ನೋಟರಿ ಮಾಡಿಸಿದ ಎನ್‌ಒಸಿ ಕೊಡುತ್ತಾರಂತೆ, ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬರಲ್ಲ ಅಂದಿದ್ದಾರೆ. ಇಷ್ಟು ವರ್ಷ ಅವರು ಪಾಲು ಕೇಳಿಲ್ಲ, ಇಸಿಯಲ್ಲೂ ಏನೂ ಇಲ್ಲ. ಅಷ್ಟು ಸಾಲದೇ?

ಚಕ್ಕುಬಂದಿ:

ಸಾಲದು. ಸ್ಥಿರಾಸ್ತಿಯ ಹಕ್ಕು ಬಿಡುವುದು ನೋಂದಾಯಿತ ಪತ್ರದಿಂದ ಮಾತ್ರ, ನೋಟರಿ ಮುದ್ರೆಗೆ ಆ ಶಕ್ತಿ ಇಲ್ಲ. ಕೇಳದೆ ಸುಮ್ಮನಿದ್ದರು ಅನ್ನೋದರಿಂದಲೂ ಹಕ್ಕು ಹೋಗುವುದಿಲ್ಲ. ಒಬ್ಬ ಪಾಲುದಾರರು ಮನೆಯಲ್ಲಿದ್ದರೆ ಕಾನೂನಿನ ಕಣ್ಣಲ್ಲಿ ಎಲ್ಲರ ಪರವಾಗಿ ಇದ್ದಂತೆ. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿ, ಒಳ್ಳೆಯದೇ, ಆದರೆ ಅದು ಸಹಿಗೆ ಬದಲಿ ಅಲ್ಲ.

ಇಸಿಯಲ್ಲಿ ಕಾಣುವುದು ನೋಂದಾಯಿತ ವಹಿವಾಟು ಮಾತ್ರ. ಮರಣದಿಂದ ಬಂದ ಹಕ್ಕು, ನೋಂದಣಿಯಾಗದ ವಿಲ್, ನಡೆಯುತ್ತಿರುವ ದಾವಾ, ಮೂಲ ಪತ್ರ ಒತ್ತೆ ಇಟ್ಟು ತೆಗೆದ ಸಾಲ ಅದರಲ್ಲಿ ಕಾಣದೆ ಹೋಗಬಹುದು. ಅದಕ್ಕೆ 1991ರ ಕ್ರಯಪತ್ರದ ಮೂಲ ಪ್ರತಿಯನ್ನೇ ಕೈಯಲ್ಲಿ ಹಿಡಿದು ನೋಡಿ, ಜೆರಾಕ್ಸ್ ಅಲ್ಲ. ಬ್ಯಾಂಕ್ ಅಡಮಾನಗಳನ್ನು ದಾಖಲಿಸುವ ಸರ್ಸಾಯ್ (CERSAI) ಜಾಲತಾಣದಲ್ಲಿ ಆಸ್ತಿಯ ಮೇಲೆ ಅಡಮಾನ ಇದೆಯೇ ಹುಡುಕಿ, ಇ-ಕೋರ್ಟ್ಸ್‌ನಲ್ಲಿ ಏಳೂ ಜನರ ಹೆಸರು ಹಾಕಿ ನೋಡಿ. ಆನ್‌ಲೈನ್ ಇಸಿ 2004ರಿಂದ ಈಚಿನದು, 1991ರಿಂದ ಅಲ್ಲಿವರೆಗಿನದ್ದಕ್ಕೆ ಕಚೇರಿಯಲ್ಲಿ ಅರ್ಜಿ ಹಾಕಿ ಪಡೆಯಬೇಕು.

ಚಿಕ್ಕಪ್ಪ ಯಾಕೆ ಬರಲ್ಲ ಅಂತ ಮಾರುವವರ ಮೂಲಕ ಅಲ್ಲ, ನೇರವಾಗಿ ನೀವೇ ಹೋಗಿ ಕೇಳಿ. ವಯಸ್ಸಿನ ಕಾರಣಕ್ಕೆ ಓಡಾಡಲು ಆಗದಿದ್ದರೆ ಶುಲ್ಕ ಕಟ್ಟಿ ಅಧಿಕಾರಿಯನ್ನು ಮನೆಗೇ ಕರೆಸಿ ಸಹಿ ಮಾಡಿಸುವ ಅವಕಾಶ ನೋಂದಣಿ ಕಾಯ್ದೆಯಲ್ಲಿದೆ. ತನ್ನ ಹೆಸರಲ್ಲಿ 5.40 ಲಕ್ಷದ ಪಾಲಿದೆ ಅನ್ನೋದು ಅವರಿಗೆ ಗೊತ್ತಿಲ್ಲದಿದ್ದರೆ, ಆ ಮಾತು ಎನ್‌ಒಸಿಗೆ ಸಹಿ ಬೀಳುವ ಮುಂಚೆಯೇ ಅವರ ಕಿವಿಗೆ ಬೀಳಬೇಕು.